ಅರಿಶಿನದ ಕೈ, ಶುಕ್ರವಾರದ ಆಟ

ನನ್ನ ಅಕ್ಕನ ಮದುವೆ ಮುರಿಯುವ ಹಂತಕ್ಕೆ ಬರಲು ಒಂದು ಸಿನಿಮಾ ಸಾಕಾಗಿತ್ತು. ಕಳವಲ್ಲ, ಕೊಲೆಯಲ್ಲ, ಯಾರ ಜೊತೆಗೋ ಓಡಿಹೋಗಿದ್ದೂ ಅಲ್ಲ. ಒಂದು ಮ್ಯಾಟಿನಿ ಆಟ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ದಿನಗಳಲ್ಲಿ ದಾವಣಗೆರೆಯ ನಮ್ಮಂಥ ಮನೆಗಳಲ್ಲಿ ಗಂಡಸರು ಸಿನಿಮಾ ನೋಡಿದರೆ ಹವ್ಯಾಸ, ಹೆಂಗಸರು ನೋಡಿದರೆ ಚಟ. ಈ ಭೇದ ಮಾಡಿದವರು ಯಾರೋ, ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ನಮ್ಮದು ಮೂವರ ತಂಡ. ನಾನು, ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ, ಹಿತ್ತಲಾಚೆಯ ಮನೆಯ ಭಾಬಿ. ಭಾಬಿಯ ಗಂಡ ಮಂಡಿಪೇಟೆಯ ಒಂದು ಸಂದಿಯಲ್ಲಿ ದರ್ಜಿ. ಭಾಬಿ ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ನಮ್ಮಪ್ಪ ಅದೇ ಮಂಡಿಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಮೋಟುಗೋಡೆ, ಅದರಲ್ಲಿ ಒಂದು ಚಿಕ್ಕ ಬಾಗಿಲು. ಆ ಬಾಗಿಲಿಗೆ ಅಗುಳಿ ಹಾಕಿದ್ದನ್ನು ನಾನು ನೋಡಿಲ್ಲ.

ವರ್ಷಕ್ಕೆ ನಾಲ್ಕೈದು ಸಿನಿಮಾ ನೋಡಿದರೆ ನಮ್ಮ ಪುಣ್ಯ. ಉಳಿದ ದಿನವೆಲ್ಲ ಅದರ ಎಂಜಲು ಸುಖ. ಜಟಕಾ ಗಾಡಿಗೆ ಪೋಸ್ಟರ್ ಕಟ್ಟಿಕೊಂಡು, ತಮಟೆ ಬಡಿಯುತ್ತಾ ಬರುವವನು ಗುಲಾಬಿ ಬಣ್ಣದ ಚೀಟಿಗಳನ್ನು ತೂರುತ್ತಿದ್ದ. ಅದರಲ್ಲಿ ಕಥೆಯನ್ನು ಅರ್ಧ ಹೇಳಿ, 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ' ಎಂದು ಅಚ್ಚು ಹಾಕಿರುತ್ತಿದ್ದರು. ಆ ಮುಂದಿನದನ್ನು ನಾವು ಮೂವರೂ ಮೂರು ಥರ ಕಟ್ಟಿ, ಆಮೇಲೆ ಯಾರದು ಸರಿ ಎಂದು ಜಗಳವಾಡುತ್ತಿದ್ದೆವು. ಹಾಡಿನ ಪುಸ್ತಕ ತಂದು, ರಾಗ ಗೊತ್ತಾಗುವ ಮೊದಲೇ ನಮ್ಮದೇ ರಾಗ ಹಾಕಿ ಹಾಡುತ್ತಿದ್ದೆವು. ಆಮೇಲೆ ರೇಡಿಯೋದಲ್ಲಿ ಅದೇ ಹಾಡು ಬಂದರೆ, "ಇದಕ್ಕಿಂತ ನಮ್ಮದೇ ಚಲೋ ಇತ್ತಲ್ಲೇ" ಎಂದು ಭಾಬಿ ಮುಖ ಸಿಂಡರಿಸುತ್ತಿದ್ದಳು.

ನಮ್ಮ ನೆಚ್ಚಿನ ನಟನ ಸಿನಿಮಾ ನೂರು ದಿನ ಓಡಿದರೆ ಅಭಿಮಾನಿ ಸಂಘದ ಗಂಡಸರು ಟಾಕೀಸಿನ ಮುಂದೆ ಕಟೌಟಿಗೆ ಹಾರ ಏರಿಸಿ, ಕಾಯಿ ಒಡೆದು, ಪಟಾಕಿ ಹಚ್ಚುತ್ತಿದ್ದರು. ನಮಗೆ ಆ ಭಾಗ್ಯವಿಲ್ಲ. ಹಾಗಂತ ಬಿಡುವವರೇ? ನಮ್ಮ ನೂರನೇ ದಿನ ಹಿತ್ತಲಲ್ಲಿ ನಡೆಯುತ್ತಿತ್ತು. ನಾಯಕಿ ಯಾವ ಬಣ್ಣದ ಸೀರೆಯಲ್ಲಿ ಮೊದಲ ಸಲ ಕಾಣಿಸಿಕೊಂಡಿದ್ದಳೋ ಆ ಬಣ್ಣದ ಚೂರು ಬಟ್ಟೆಯನ್ನು ಭಾಬಿ ತನ್ನ ಗಂಟಿನಿಂದ ಹುಡುಕಿ ತೆಗೆದು ಮೂವರ ಜಡೆಗೂ ಕಟ್ಟುವಳು. ಮಂಡಕ್ಕಿ, ಮಿರ್ಚಿ, ಒಂದು ಚೊಂಬು ಪಾನಕ. ಆಮೇಲೆ ಒಬ್ಬೊಬ್ಬರೂ ಒಂದೊಂದು ದೃಶ್ಯ ಮಾಡಿ ತೋರಿಸಬೇಕು. ಭಾಬಿ ದುಪಟ್ಟಾವನ್ನು ಕೊರಳಿಗೆ ಸುತ್ತಿಕೊಂಡು ನಾಯಕನಾಗುವಳು. ಅಕ್ಕ ಯಾವಾಗಲೂ ನಾಯಕಿ. ನನಗೆ ಉಳಿಯುತ್ತಿದ್ದುದು ಖಳನಾಯಕ, ಇಲ್ಲವೇ ಪೊಲೀಸು. ಅಕ್ಕ ಅಳುವ ದೃಶ್ಯ ಮಾಡಿದರೆ ನಿಜಕ್ಕೂ ಅಳುತ್ತಿದ್ದಳು. ಅಷ್ಟು ಮೆದು ಜೀವ ಅದು.

ಅಂಥವಳಿಗೆ ಗಂಡು ಗೊತ್ತಾಯಿತು. ಕಡರನಾಯಕನಹಳ್ಳಿಯ ಮನೆತನ, ಒಳ್ಳೆಯ ಗದ್ದೆ. ಹುಡುಗನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ. ಹುಡುಗನನ್ನು ನೋಡಿದ ಅಕ್ಕ ಎರಡು ದಿನ ಸುಮ್ಮಸುಮ್ಮನೆ ನಗುತ್ತಿದ್ದಳು. ಎಲ್ಲ ಒಪ್ಪಿಗೆಯಾಗಿ, ನಿಶ್ಚಯದ ದಿನ ಎಲೆಯಡಿಕೆ ಹಂಚುವಾಗ ಹುಡುಗನ ತಾಯಿ ಒಂದು ಮಾತು ಹೇಳಿದರು.

"ನಮ್ಮನೆ ಹೆಣ್ಮಕ್ಕಳು ಟಾಕೀಸಿನ ಮೆಟ್ಲು ಹತ್ತಂಗಿಲ್ಲ ನೋಡ್ರಿ. ಮೊದಲಿಂದ ನಡ್ಕೊಂಡು ಬಂದೈತೆ. ದೊಡ್ಡ ಸೊಸೆಗೂ ಅಷ್ಟೆ, ಇವಳಿಗೂ ಅಷ್ಟೆ. ಆಮೇಲೆ ಮಾತು ಬರಬಾರದು ಅಂತ ಈಗ್ಲೇ ಹೇಳ್ತೀನಿ."

ಅವರ ಪಕ್ಕದಲ್ಲಿ ಕುಳಿತಿದ್ದ ದೊಡ್ಡ ಸೊಸೆ ತಲೆ ಎತ್ತಲಿಲ್ಲ. ಅಕ್ಕನ ಕೈಗೆ ಹಸಿರು ಬಳೆ ಏರಿಸುತ್ತಿದ್ದವಳು ಏರಿಸುತ್ತಲೇ ಇದ್ದಳು. ನಮ್ಮಪ್ಪ, "ಅದೇನು ಮಹಾ, ನಮ್ಮ ಹುಡುಗೀರಿಗೆ ಅಂಥ ಹುಚ್ಚಿಲ್ಲ ಬಿಡ್ರಿ" ಎಂದುಬಿಟ್ಟ. ನಾನು ಕೆಮ್ಮಿದೆ. ಅಮ್ಮ ನನ್ನ ತೊಡೆ ಚಿವುಟಿದಳು.

ಮದುವೆ ಸೋಮವಾರ. ಗುರುವಾರ ಅಕ್ಕನಿಗೆ ಅರಿಶಿನ ಹಚ್ಚಿದರು. ಅರಿಶಿನ ಬಿದ್ದ ಮದುಮಗಳು ಹಂದರ ಬಿಟ್ಟು ಹೊರಗೆ ಕಾಲಿಡಬಾರದು, ಗಾಳಿ-ಸೋಂಕು ತಗಲುತ್ತದೆ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅವತ್ತೇ ಸಂಜೆ ಜಟಕಾ ಗಾಡಿ ತಮಟೆ ಬಡಿಯುತ್ತಾ ಬಂತು. ನಾವು ಆರು ತಿಂಗಳಿಂದ ಕಾದಿದ್ದ ಸಿನಿಮಾ, ಶುಕ್ರವಾರ ಬಿಡುಗಡೆ, ದಾವಣಗೆರೆ ಮತ್ತು ಹರಿಹರದಲ್ಲಿ ಏಕಕಾಲಕ್ಕೆ. ಅಕ್ಕ ಗುಲಾಬಿ ಚೀಟಿಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದಳೆಂದರೆ ಅದರ ತುಂಬಾ ಹಳದಿ ಬೆರಳಚ್ಚು ಬಿತ್ತು.

"ಇದೊಂದು ನೋಡ್ಬೇಕು ಕಣೇ," ಎಂದಳು ನನಗೆ. "ಇದೊಂದು ನೋಡಿಬಿಟ್ರೆ ಆಮೇಲೆ ಸಾಯೋತನ ಕೇಳಂಗಿಲ್ಲ."

ಯಾವತ್ತೂ ಏನೂ ಕೇಳದವಳು ಕೇಳಿದರೆ ಇಲ್ಲವೆನ್ನುವುದು ಹೇಗೆ? ನಾನು ಭಾಬಿಯ ಹತ್ತಿರ ಓಡಿದೆ. ಭಾಬಿ ಬಾಯಲ್ಲಿದ್ದ ಸೂಜಿ ತೆಗೆದು ಒಂದು ಗಳಿಗೆ ಯೋಚನೆ ಮಾಡಿದಳು. ಶುಕ್ರವಾರ ಮಧ್ಯಾಹ್ನ ಅವಳ ಗಂಡ ನಮಾಜಿಗೆ ಹೋದವನು ಹಾಗೇ ಅಂಗಡಿಗೆ ಹೋಗುತ್ತಾನೆ. ನಮ್ಮಮ್ಮ, ಚಿಕ್ಕಮ್ಮಂದಿರು ಬೀಗರ ಸೀರೆ ತರಲು ಪೇಟೆಗೆ ಹೋಗುವವರು. ದೀಪ ಹಚ್ಚುವ ಹೊತ್ತಿಗೇ ವಾಪಸು. ಮನೆಯಲ್ಲಿ ಅಜ್ಜಿಯೊಬ್ಬಳೇ. ಮದುವೆಯ ರವಿಕೆಗಳ ಅಳತೆ ನೋಡಬೇಕು, ಹಿತ್ತಲ ಬಾಗಿಲಿಂದ ಹೋಗಿ ಬರುತ್ತೇವೆ ಎಂದರೆ ಅಜ್ಜಿ ಬೇಡ ಎನ್ನುವುದಿಲ್ಲ.

"ದಾವಣಗೇರ್ಯಾಗೆ ಬ್ಯಾಡ," ಎಂದಳು ಭಾಬಿ. "ಮೊದಲ್ನೇ ದಿನ ಅರ್ಧ ಮಂಡಿಪೇಟೆ ಅಲ್ಲೇ ನಿಂತಿರ್ತೈತೆ. ಹರಿಹರಕ್ಕೆ ಹೋಗಾಣ. ಅಲ್ಲಿ ನಮ್ಮನ್ನ ಯಾರು ಕೇಳ್ತಾರೆ? ನಿಮ್ಮಕ್ಕಂಗೆ ನನ್ನ ಹಳೇ ಬುರ್ಖಾ ಹಾಕಾಣ. ಫಿಕರ್ ಮಾಡಬ್ಯಾಡ."

ಕಡರನಾಯಕನಹಳ್ಳಿಯವರಿಗೆ ಸಿನಿಮಾ ಎಂದರೆ ಹರಿಹರವೇ ಎಂಬುದು ನಮ್ಮ ಮೂರು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನಮ್ಮದು ಅದೇ ಕಥೆ.

ಬಸ್ಸಿನಲ್ಲಿ ಅಕ್ಕ ಬುರ್ಖಾದೊಳಗೆ ಬೆವರುತ್ತಾ, ನನ್ನ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಮೈಗೆ ಹಚ್ಚಿದ ಎಣ್ಣೆ-ಅರಿಶಿನದ ವಾಸನೆ ಬಟ್ಟೆ ದಾಟಿ ಬರುತ್ತಿತ್ತು. ಬಸ್ಸು ನಿಂತಲ್ಲೆಲ್ಲ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಹತ್ತುವ ಪ್ರತಿಯೊಬ್ಬ ಗಂಡಸೂ ನಮ್ಮಪ್ಪನ ಅಂಗಡಿಯ ಹಮಾಲನಂತೆಯೇ ಕಾಣುತ್ತಿದ್ದ. ಭಾಬಿ ಮಾತ್ರ ಕಿಟಕಿ ಪಕ್ಕ ಕೂತು, ಚೀಟಿಯಲ್ಲಿ ಓದಿದ ಅರ್ಧ ಕಥೆಗೆ ಉಳಿದರ್ಧ ಸೇರಿಸುತ್ತಿದ್ದಳು.

ಹರಿಹರದ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆಯೇ ಜಾಗ. ಒಂದು ಪಕ್ಕದಲ್ಲಿ ಮೋಟುಗೋಡೆ ಕಟ್ಟಿ, ಬೆಂಚು ಹಾಕಿ, ಬಾಗಿಲಿಗೊಂದು ಪರದೆ ಬಿಟ್ಟಿದ್ದರು. ನಾವು ನಡುವಿನ ಬೆಂಚಿನಲ್ಲಿ ಕೂತೆವು. ದೀಪ ಆರಿತು. ತೆರೆಯ ಮೇಲೆ ನಮ್ಮವನು ಬಂದ. ಗಂಡಸರ ಕಡೆಯಿಂದ ಶಿಳ್ಳೆ, ಚಿಲ್ಲರೆ ಕಾಸಿನ ಮಳೆ, ಯಾರೋ ತೆರೆಯ ಮುಂದೆ ಕರ್ಪೂರ ಹಚ್ಚಿ ಆರತಿ ಎತ್ತಿದರು. ಬುರ್ಖಾದೊಳಗಿಂದ ಅಕ್ಕ ಸಣ್ಣಗೆ ಚಪ್ಪಾಳೆ ತಟ್ಟಿದಳು. ಆ ಕ್ಷಣಕ್ಕೆ ನನ್ನ ಹೆದರಿಕೆಯೆಲ್ಲ ಕರಗಿ ಹೋಯಿತು. ಬಂದದ್ದು ಸಾರ್ಥಕ ಅನ್ನಿಸಿತು.

ಕಥೆ ಚೆನ್ನಾಗಿತ್ತು. ಬಡವರ ಮನೆಯ ನಾಯಕಿ, ಅವಳನ್ನು ಮೆಚ್ಚಿ ಮದುವೆಯಾದ ನಾಯಕ, ಇಬ್ಬರನ್ನೂ ಬೇರೆ ಮಾಡಲು ನಿಂತ ಅವನ ದಾಯಾದಿ. ಗರ್ಭಿಣಿ ನಾಯಕಿ ತವರಿಗೆ ಹೊರಟಿದ್ದಾಳೆ. ಘಾಟಿಯ ತಿರುವಿನಲ್ಲಿ ಕಾರಿನ ಬ್ರೇಕು ಹಿಡಿಯುತ್ತಿಲ್ಲ. ಕಾರು ಕಲ್ಲಿಗೆ ಬಡಿದು, ಕಂದಕಕ್ಕೆ ಉರುಳುತ್ತಾ ಉರುಳುತ್ತಾ ಕೆಳಗಿನ ಕಾಡಿನಲ್ಲಿ ಮಾಯವಾಯಿತು. ದೀಪ ಹತ್ತಿತು. ಇಂಟರ್ವಲ್.

ಆಗೆಲ್ಲ ನಮ್ಮ ಕಡೆ ಎರಡೂ ಊರಿಗೆ ಸಿನಿಮಾದ ಒಂದೇ ಪ್ರಿಂಟು ಬರುತ್ತಿತ್ತು. ದಾವಣಗೆರೆಯಲ್ಲಿ ಆಟ ಮೊದಲು ಶುರು. ಅಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬದಲ್ಲಿ ಹಾಕಿ ಮೋಟಾರ್ ಸೈಕಲ್ ಮೇಲೆ ಹರಿಹರಕ್ಕೆ ಓಡಿಸುವರು. ಗಾಡಿ ಸಮಯಕ್ಕೆ ಬಂದರೆ ಸರಿ. ಬರದಿದ್ದರೆ ಇಂಟರ್ವಲ್ ಮುಗಿಯುವುದೇ ಇಲ್ಲ. ಅವತ್ತು ಬರಲಿಲ್ಲ. ರೈಲ್ವೆ ಗೇಟು ಬಿದ್ದಿದೆ ಎಂದರು, ಪಂಕ್ಚರ್ ಎಂದರು. ಏನಾದರೇನು, ದೀಪ ಉರಿಯುತ್ತಲೇ ಇತ್ತು.

ನಾನು ಕಡಲೆಕಾಯಿ ಪೊಟ್ಟಣ ಬಿಚ್ಚಿ ಅಕ್ಕನ ಕಡೆ ಚಾಚಿದೆ. ಅವಳು ಎಂದಿನಂತೆ ಕೈ ಹೊರಗೆ ಚಾಚಿದಳು. ಕಪ್ಪು ಬುರ್ಖಾದಿಂದ ಮೊಣಕೈವರೆಗೂ ಹಳದಿ ಕೈ.

ನಮ್ಮ ಹಿಂದಿನ ಬೆಂಚಿನಲ್ಲಿ ನಾಲ್ಕಾರು ಬುರ್ಖಾದ ಹೆಂಗಸರು ಕೂತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಭಾಬಿಯ ಭುಜ ತಟ್ಟಿ, "ಕಿಸ್ಕೆ ಘರ್ ಕಿ ದುಲ್ಹನ್ ಗೇ ಯೇ?" ಎಂದಳು. ಯಾರ ಮನೆಯ ಮದುಮಗಳು ಇವಳು? ಭಾಬಿಗೆ ಬಾಯೇ ಬರಲಿಲ್ಲ. ಮುದುಕಿ ನನ್ನನ್ನು ನೋಡಿ ಕನ್ನಡಕ್ಕೆ ಹೊರಳಿದಳು. "ಹಳದಿ ಹಚ್ಚಿ ಕುಂದ್ರಿಸಿದ ಹುಡುಗೀನ ಟಾಕೀಸಿಗೆ ಕರ್ಕೊಂಡು ಬಂದೀರಲ್ಲ, ಶರಮ್ ಐತೇನು? ಯಾವ ಮೊಹಲ್ಲಾದವರು ನೀವು?"

ಬುರ್ಖಾ ಹಾಕಿದರೆ ನಮ್ಮವರು ಯಾರೂ ಗುರುತು ಹಿಡಿಯುವುದಿಲ್ಲ ಎಂಬುದಷ್ಟೇ ನಮ್ಮ ಲೆಕ್ಕವಾಗಿತ್ತು. ಅವರಲ್ಲೂ ಮದುಮಗಳಿಗೆ ಅರಿಶಿನ ಹಚ್ಚುತ್ತಾರೆ, ಹಚ್ಚಿದ ಮೇಲೆ ನಮಗಿಂತ ಬಿಗಿಯಾಗಿ ಒಳಗೆ ಕೂರಿಸುತ್ತಾರೆ. ನಮಗೇನು ಗೊತ್ತಿರಲಿಲ್ಲವೇ? ಭಾಬಿಯ ನಾದಿನಿಯ ಅರಿಶಿನದ ದಿನ ನಾನೂ ಅಕ್ಕನೂ ಅಲ್ಲೇ ಕೂತು ಹಾಡು ಕೇಳಿ ಬಂದವರು. ಆದರೂ ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಸಿನಿಮಾ ಎಂದರೆ ನಮಗೆ ಬುದ್ಧಿ ಮನೆಯಲ್ಲೇ ಉಳಿದುಬಿಡುತ್ತಿತ್ತು.

ಭಾಬಿಗೆ ಕೊನೆಗೂ ಬಾಯಿ ಬಂತು. ಬಾರದಿದ್ದರೇ ಚೆನ್ನಾಗಿತ್ತು. "ದುಲ್ಹನ್ ಅಲ್ಲಮ್ಮಾ," ಎಂದಳು, "ಇವಳಿಗೆ ಕಾಮಾಲೆ ಐತೆ. ಅದಕ್ಕ ಮೈಯೆಲ್ಲ ಹಳದಿ."

ಕಾಮಾಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೆಂಗಸರ ಜಾಗಕ್ಕೆ ಬೆಂಕಿ ಬಿದ್ದ ಹಾಗಾಯಿತು. ಹಿಂದಿನವರು ಎದ್ದರು, ಮುಂದಿನವರು ಎದ್ದರು. ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಹೋಗಿ ನಿಂತರು. "ರೋಗದವರನ್ನ ಒಳಗೆ ಯಾಕ ಬಿಟ್ಟೀರಿ" ಎಂದು ಒಬ್ಬಳು ಪರದೆಯ ಕಡೆ ಕೂಗಿದಳು. ಸುತ್ತಲಿನ ಬೆಂಚು ಖಾಲಿಯಾಗಿ, ದೀಪದ ಬೆಳಕಿನಲ್ಲಿ ನಾವು ಮೂವರೇ ಕೂತಿದ್ದೆವು.

ಗೇಟ್ ಕೀಪರ್ ಪರದೆ ಎತ್ತಿ, "ಯಾರ್ರೀ ಅದು ಕಾಮಾಲೆ ಪೇಷೆಂಟು? ಎದ್ದು ಹೊರಗೆ ಬರ್ರಿ" ಎಂದ. ಡಬ್ಬ ಬಾರದೆ ಬೇಸತ್ತಿದ್ದ ಗಂಡಸರಿಗೆ ಇದೇ ಸಿನಿಮಾ ಆಯಿತು. ಅವನ ಹಿಂದೆ ಗುಂಪು ಕಟ್ಟಿ ಇಣುಕತೊಡಗಿದರು. ಆ ಗುಂಪಿನ ನಡುವೆ, ಸೋಡಾ ಬಾಟಲಿ ಹಿಡಿದ ಒಂದು ದಪ್ಪ ಮೀಸೆಯ ಮುಖ ಕಂಡಿತು. ಹುಡುಗನ ಚಿಕ್ಕಪ್ಪ. ಈ ಸಂಬಂಧ ಕುದುರಿಸಿದವನೇ ಅವನು. ನಮ್ಮ ಮನೆಗೆ ನಾಲ್ಕು ಸಲ ಬಂದು, ನನ್ನ ಕೈಯಿಂದಲೇ ಚಹಾ ಇಸಿದುಕೊಂಡು ಕುಡಿದವನು.

ಹೊರಗೆ ಹೋಗಬೇಕಾದರೆ ಅವನ ಮುಂದೆಯೇ ಹೋಗಬೇಕು. ನನ್ನ ಮುಖ ಅವನಿಗೆ ಗೊತ್ತು. ನನ್ನ ಪಕ್ಕದಲ್ಲಿ ಬುರ್ಖಾ, ಬುರ್ಖಾದೊಳಗೆ ಹಳದಿ ಕೈ. ಕೂಡಿಸಿ ಹೇಳಲು ಅವನೇನು ಪಂಡಿತನಾಗಬೇಕಿರಲಿಲ್ಲ. ಅರಿಶಿನ ಮೈಯಲ್ಲಿ ಹಂದರ ಬಿಟ್ಟವಳು, ವೇಷ ಮರೆಸಿಕೊಂಡವಳು, ಅದೂ ಬೇಡವೆಂದ ಟಾಕೀಸಿಗೆ! ಸೋಮವಾರದ ಹೊತ್ತಿಗೆ ನಮ್ಮ ಹಂದರ ಬಿಚ್ಚಬೇಕಾಗುತ್ತಿತ್ತು, ನಮ್ಮಪ್ಪ ಮಂಡಿಪೇಟೆಯಲ್ಲಿ ತಲೆ ಎತ್ತದಂತಾಗುತ್ತಿತ್ತು. ಭಾಬಿಯ ಗತಿ ಏನಾಗುತ್ತಿತ್ತು ಎಂದು ಯೋಚಿಸಲೂ ನನಗೆ ಧೈರ್ಯವಾಗಲಿಲ್ಲ. ನಾನು ತಲೆ ಬಗ್ಗಿಸಿ, ಕಡಲೆಕಾಯಿ ಪೊಟ್ಟಣವನ್ನು ನೋಡುತ್ತಾ ಕೂತೆ.

ಆಗ ಯಾರೋ ಬಂದು ಅಕ್ಕನ ಪಕ್ಕದಲ್ಲಿ ಕೂತರು. ಎಲ್ಲರೂ ದೂರ ಸರಿದ ಬೆಂಚಿಗೆ ಬಂದು ಕೂತವಳು ಯಾರೆಂದು ಓರೆಗಣ್ಣಲ್ಲಿ ನೋಡಿದೆ. ತಲೆ ತುಂಬಾ ಸೆರಗು. ಅಕ್ಕನಿಗೆ ಹಸಿರು ಬಳೆ ಏರಿಸಿದ ಅದೇ ದೊಡ್ಡ ಸೊಸೆ. ಟಾಕೀಸಿನ ಮೆಟ್ಟಿಲು ಹತ್ತದ ಮನೆಯ ದೊಡ್ಡ ಸೊಸೆ!

ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಅಕ್ಕನ ಕೈಯನ್ನು. ಆ ಕೈಯನ್ನು ತಾನೇ ಹಿಡಿದು ಬುರ್ಖಾದೊಳಗೆ ತಳ್ಳಿದಳು.

"ಕೈ ಒಳಗೆ ಇಟ್ಕ," ಎಂದಳು ಬಾಯಿ ಬಿಡದೆ. "ಏನಾದ್ರೂ ಆಗ್ಲಿ, ತಲಿ ಎತ್ತಬ್ಯಾಡ. ಆಟ ಮುಗಿಯೋತನ ಏಳಬ್ಯಾಡ. ಹಲ್ಲುನೋವು ಅಂತ ದವಾಖಾನಿಗೆ ಬಂದಿದ್ದೆ ನಾನು. ನನ್ನ ಹಣೆಬರ ನನಗಿರ್ಲಿ."

ಚಿಕ್ಕಪ್ಪ ಗುಂಪು ಸರಿಸಿಕೊಂಡು ಪರದೆಯ ಹತ್ತಿರ ಬರುತ್ತಿದ್ದ. ಎಲ್ಲಿ ಗಲಾಟೆಯೋ ಅಲ್ಲಿ ಮೂಗು ತೂರಿಸುವ ಮನುಷ್ಯ. ದೊಡ್ಡ ಸೊಸೆ ಎದ್ದಳು. ಸೆರಗನ್ನು ತಲೆಯಿಂದ ಹಿಂದಕ್ಕೆ ಜಾರಿಸಿ, ಮುಖ ಪೂರ್ತಿ ಕಾಣುವಂತೆ ನೇರ ಅವನ ಎದುರಿಗೆ ನಡೆದಳು.

"ಸಣ್ಣ ಮಾವಾರೇ, ನೀವು ಇಲ್ಲೇ ಇದ್ರಾ? ಊರಿಗೆ ಹೋಗಾಣ ನಡೀರಿ."

ಅವನ ಕೈಯಲ್ಲಿದ್ದ ಸೋಡಾ ಚೆಲ್ಲಿತು. "ನೀನು ಇಲ್ಲಿ? ಟಾಕೀಸಿನ್ಯಾಗೆ? ಮನೆತನದ ಮಾನ ಕಳೀತೀಯೇನವ್ವಾ!" ಎಂದು ಬಾಯಿ ಮಾಡತೊಡಗಿದ. ತಾನೂ ಅದೇ ಟಾಕೀಸಿನಲ್ಲಿ ನಿಂತಿದ್ದೇನೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಅವಳು ಮುಂದೆ ನಡೆದಳು. ಅವನು ಬೈಯುತ್ತಾ ಹಿಂದೆ ಹೋದ. ಇಣುಕುತ್ತಿದ್ದ ಗಂಡಸರೂ ಕಾಮಾಲೆಯನ್ನು ಬಿಟ್ಟು ಆ ಹೊಸ ತಮಾಷೆಯ ಹಿಂದೆ ಹೋದರು. ಅಷ್ಟರಲ್ಲಿ ಹೊರಗೆ ಮೋಟಾರ್ ಸೈಕಲ್ ಸದ್ದಾಯಿತು, "ಡಬ್ಬ ಬಂತು" ಎಂದು ಯಾರೋ ಕೂಗಿದರು. ಗೇಟ್ ಕೀಪರ್ ಪರದೆ ಬಿಟ್ಟು ಓಡಿದ. ದೀಪ ಆರಿತು.

ಉಳಿದರ್ಧದಲ್ಲಿ ಅಕ್ಕ ಒಂದು ಸಲವೂ ತೆರೆಯ ಕಡೆ ನೋಡಲಿಲ್ಲ. ಮಂಡಿಗೆ ಮುಖ ಒತ್ತಿ ಅಳುತ್ತಿದ್ದಳು. ಭಾಬಿ ಅವಳ ಬೆನ್ನು ಸವರುತ್ತಾ ಅದೇನೋ ಪ್ರಾರ್ಥನೆ ಗುನುಗುತ್ತಿದ್ದಳು. ನಾನು? ನಾನು ನೋಡಿದೆ. ಮನೆಗೆ ಬೆಂಕಿ ಬಿದ್ದರೂ ತೆರೆಯ ಮೇಲೆ ಚಿತ್ರ ಆಡುತ್ತಿದ್ದರೆ ನನ್ನ ಕಣ್ಣು ಅತ್ತಲೇ ಹೋಗುತ್ತದೆ, ಏನು ಮಾಡಲಿ? ಕಂದಕಕ್ಕೆ ಬಿದ್ದ ನಾಯಕಿಯನ್ನು ಕುರಿಗಾಹಿಗಳು ಎತ್ತಿಕೊಂಡು ಹೋದರು. ಹಟ್ಟಿಯಲ್ಲಿ ಹೆಣ್ಣುಮಗು ಹುಟ್ಟಿತು. ನಾಯಕ ಹುಡುಕುತ್ತಾ ಬರುವ ಹೊತ್ತಿಗೆ ಅವಳು ಮಗುವನ್ನು ಅವನ ಕೈಗಿಟ್ಟು, ಅವನ ತೊಡೆಯ ಮೇಲೆಯೇ ಕಣ್ಣು ಮುಚ್ಚಿದಳು. ಇಡೀ ಟಾಕೀಸು ಮೂಗು ಸೀಟುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ, ಪೇಟೆಗೆ ಹೋದವರು ಬರುವ ಮೊದಲೇ, ಹಿತ್ತಲ ಬಾಗಿಲಿಂದ ಒಳಗೆ ಬಂದೆವು. "ರವಿಕಿ ಸರಿ ಬಂತಾ?" ಎಂದಳು ಅಜ್ಜಿ. "ಬಿಗಿ ಆತಜ್ಜಿ," ಎಂದೆ.

ಆಮೇಲಿನ ಎರಡು ದಿನ ನರಕ. ಬಾಗಿಲು ಬಡಿದರೆ ಬೀಗರ ಕಡೆಯವರೇ ಬಂದರು ಅನ್ನಿಸುತ್ತಿತ್ತು. ಅಕ್ಕ ಊಟ ಬಿಟ್ಟಳು. ಮದುಮಗಳ ಅಳು ಎಂದರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ. ಭಾಬಿ ರವಿಕೆ ಕೊಡುವ ನೆಪದಲ್ಲಿ ಬಂದು, "ಅಕಿ ಹೇಳಂಗಿಲ್ಲ ಬಿಡು, ಹೇಳೋದಾಗಿದ್ರೆ ಅಲ್ಲೇ ಹೇಳ್ತಿದ್ಲು" ಎಂದು ಸಮಾಧಾನ ಮಾಡಿದಳು. "ಅಕಿ ಹೇಳಂಗಿಲ್ಲ ಅಂತ ನನಗೂ ಗೊತ್ತು ಭಾಬಿ," ಎಂದಳು ಅಕ್ಕ. "ಅಕಿಗೆ ಏನು ಮಾಡಿದ್ರೋ ಅದು ಗೊತ್ತಿಲ್ಲ."

ಸೋಮವಾರ ಬೀಗರ ದಿಬ್ಬಣ ಬಂತು. ಗಾಡಿಯಿಂದ ಇಳಿದ ಹೆಂಗಸರಲ್ಲಿ ದೊಡ್ಡ ಸೊಸೆ ಇರಲಿಲ್ಲ. ನಮ್ಮಮ್ಮ ಕೇಳಿದ್ದಕ್ಕೆ, "ಮೈಯಾಗೆ ಹುಷಾರಿಲ್ಲ, ತವರಿಗೆ ಹೋಗ್ಯಾಳೆ" ಎಂದರು ಅಕ್ಕನ ಅತ್ತೆ. ಚಿಕ್ಕಪ್ಪನಿಗೆ ಅಷ್ಟು ಸಣ್ಣದಾಗಿ ಹೇಳಿ ಗೊತ್ತಿಲ್ಲ. ಹಂದರದ ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ನಾಲ್ಕು ಜನರಿಗೆ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು: ಟಾಕೀಸಿನಲ್ಲಿ ತಾನು ಅವಳನ್ನು ಹೇಗೆ ಹಿಡಿದ, ಅವತ್ತೇ ಅವಳನ್ನು ಶಾಮನೂರಿನ ತವರಿಗೆ ಹೇಗೆ ಬಿಟ್ಟು ಬಂದರು, ಇನ್ನು ಕರೆಸಿಕೊಳ್ಳುವ ಮಾತೇ ಇಲ್ಲ ಎಂದು ತನ್ನ ಅತ್ತಿಗೆ, ಅಂದರೆ ಹುಡುಗನ ತಾಯಿ, ಹೇಗೆ ಖಂಡಿತ ಹೇಳಿಬಿಟ್ಟರು.

ನಾನು ಅಕ್ಕನಿಗೆ ಹೇಳಿದೆ. ಬಾಸಿಂಗ ಕಟ್ಟಿ ಕೂರಿಸಿದ್ದಾಗ ಕಿವಿಯಲ್ಲಿ ಹೇಳಿದೆ. ಹೇಳಬಾರದಿತ್ತು ಎಂದು ಭಾಬಿ ಆಮೇಲೆ ಬೈದಳು. ನಾನು ಒಪ್ಪುವುದಿಲ್ಲ. ಗೊತ್ತಿಲ್ಲದೆ ಆ ಮನೆಗೆ ಹೋಗಿ, ಒಂದು ದಿನ ಗೊತ್ತಾಗಿದ್ದರೆ ಅಕ್ಕ ಬದುಕುತ್ತಿರಲಿಲ್ಲ. ತಾಳಿ ಕಟ್ಟುವಾಗ ತಲೆ ಬಗ್ಗಿಸಿದಳು, ಅಕ್ಕಿಕಾಳು ಬಿದ್ದವು, ವಾದ್ಯ ನುಡಿಯಿತು.

ಆಮೇಲೆ ಭೂಮದ ಊಟ. ನಮ್ಮ ಕಡೆ ಮದುಮಕ್ಕಳನ್ನು ನಡುವೆ ಕೂರಿಸಿ, ಎರಡೂ ಕಡೆಯ ಹತ್ತಿರದವರು ಒಂದೇ ದೊಡ್ಡ ತಟ್ಟೆಗೆ ಕೈಯಿಟ್ಟು ಉಣ್ಣುತ್ತಾರೆ. ಮೊದಲ ತುತ್ತನ್ನು ಮದುಮಗಳ ಬಾಯಿಗೆ ಇಡುವವಳು ಗಂಡನ ಅಣ್ಣನ ಹೆಂಡತಿ. ಇನ್ನು ಮುಂದೆ ನಾವು ಒಂದೇ ಒಲೆಯವರು ಎಂದು ಅದರ ಅರ್ಥ. ಆ ತುತ್ತು ಆಗುವತನಕ ಪಂಕ್ತಿಯಲ್ಲಿ ಕೂತವರು ಯಾರೂ ಎಲೆಗೆ ಕೈಯಿಡುವಂತಿಲ್ಲ. ದೊಡ್ಡ ಸೊಸೆ ಇಲ್ಲದ್ದಕ್ಕೆ ಅತ್ತೆ ತಮ್ಮ ತಂಗಿಯನ್ನು ಕೂರಿಸಿದರು. ಆಕೆ ಗೋಧಿ ಹುಗ್ಗಿಯ ತುತ್ತು ಎತ್ತಿ ಅಕ್ಕನ ಬಾಯಿಯ ಹತ್ತಿರ ಹಿಡಿದಳು.

ಅಕ್ಕ ಬಾಯಿ ತೆರೆಯಲಿಲ್ಲ.

ನಾಚಿಕೆ ಎಂದು ಎಲ್ಲರೂ ನಕ್ಕರು. ಎರಡನೇ ಸಲ ಹಿಡಿದರೂ ತೆರೆಯದಿದ್ದಾಗ ನಗು ನಿಂತಿತು. ಅತ್ತೆ ಬಗ್ಗಿ, "ಯಾಕವ್ವಾ?" ಎಂದರು.

"ದೊಡ್ಡಕ್ಕ ಬಂದು ಕೊಡ್ಲಿ, ಅತ್ತೀ."

"ಅಕಿ ಬರಂಗಿಲ್ಲ."

"ಹಂಗಾರೆ ನಾನೂ ಉಣ್ಣಂಗಿಲ್ಲ." ಅಕ್ಕ ದನಿ ಎತ್ತಲಿಲ್ಲ. ಆದರೆ ಸುತ್ತ ಕೂತ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು. "ಆವತ್ತು ಟಾಕೀಸಿನ್ಯಾಗೆ ನಾನೂ ಇದ್ದೆ. ಅರಿಶಿಣ ಹಚ್ಕೊಂಡ ಮೈಯಾಗೆ ಬಂದಿದ್ದೆ. ಸಣ್ಣ ಮಾವ ನನ್ನ ನೋಡಬಾರದು ಅಂತ ದೊಡ್ಡಕ್ಕ ಎದ್ದು ಹೋಗಿ ತಾನು ಸಿಕ್ಕಿಹಾಕ್ಕೊಂಡ್ಲು."

ತುಪ್ಪದ ತಂಬಿಗೆ ಹಿಡಿದಿದ್ದ ನಮ್ಮಪ್ಪ ನಿಂತಲ್ಲೇ ನಿಂತ. ಅಮ್ಮ ನನ್ನ ಕಡೆ ತಿರುಗಿದಳು. ಆ ನೋಟದಲ್ಲೇ ನಾನು ಸತ್ತು ಹುಟ್ಟಿದೆ. ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ವಿಷಯ ಗೊತ್ತಿಲ್ಲ. ಎಲೆಯ ಮೇಲಿನ ಅನ್ನ ಆರುತ್ತಿದೆ ಎಂದು ಗೊಣಗುತ್ತಿದ್ದರು. ಅತ್ತೆ ಅಕ್ಕನ ಹಳದಿ ಕೈಯನ್ನೇ ನೋಡುತ್ತಿದ್ದರು.

"ಅಕ್ಕಿಕಾಳು ಬಿದ್ದಮೇಲೆ ಹೇಳ್ತೀಯಲ್ಲ, ಜಾಣೆ," ಎಂದರು ಕೊನೆಗೆ.

ಅಕ್ಕ ಅಷ್ಟೆಲ್ಲ ಯೋಚಿಸಿರಲಿಲ್ಲ, ಅವಳಿಗೆ ಅಂಥ ಜಾಣತನ ಇಲ್ಲ ಎಂದು ನಾನು ಕೂಗಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮದುಮಗ ಬಾಯಿ ಬಿಟ್ಟ. ಬೆಳಗಿನಿಂದ ಒಂದು ಮಾತೂ ಆಡದಿದ್ದವನು ಪಕ್ಕದಲ್ಲಿದ್ದ ಅಣ್ಣನಿಗೆ, "ನೀ ಹೋಗ್ತೀಯೋ, ನಾ ಹೋಗ್ಲೋ?" ಎಂದ. ಬಾಸಿಂಗ ಕಟ್ಟಿದ್ದ ಹಾಗೇ ಏಳಲು ಮಂಡಿ ಊರಿದ. ಅಣ್ಣ ತಾಯಿಯ ಮುಖ ನೋಡಿದ. ತಾಯಿ ಪಂಕ್ತಿಯ ಉದ್ದಕ್ಕೂ ಕಣ್ಣು ಹಾಯಿಸಿದರು. ಅಷ್ಟೂ ಜನ ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದರು.

"ಹೋಗಿ ಕರ್ಕೊಂಬಾ," ಎಂದರು. "ಮಂದಿ ಹಸ್ಕೊಂಡು ಕೂತೈತೆ."

ಶಾಮನೂರು ಎಷ್ಟು ದೂರ, ದಾವಣಗೆರೆಯ ಮಗ್ಗುಲ ಹಳ್ಳಿ. ಯಾರದೋ ಮೋಟಾರ್ ಸೈಕಲ್ ಹತ್ತಿ ಅಣ್ಣ ಹೋದ. ಅವನು ಬರುವತನಕ ಆ ಹಂದರದಲ್ಲಿ ಕೂತವರಿಗೆ ಒಂದು ಯುಗವೇ ಕಳೆದಂತಾಯಿತು. ಯಾರೂ ಏಳಲಿಲ್ಲ, ಯಾರೂ ಉಣ್ಣಲಿಲ್ಲ, ಯಾರೂ ಅಕ್ಕನ ಕಡೆ ನೋಡಲಿಲ್ಲ. ಗಂಡ ಕರೆದರೂ ಅವಳು ಬರದಿದ್ದರೆ? ಅವಳೂ ಮನುಷ್ಯಳೇ ಅಲ್ಲವೇ? ಬರದೇ ಇರಲು ಅವಳಿಗೆ ಎಲ್ಲ ಹಕ್ಕೂ ಇತ್ತು. ಚಿಕ್ಕಪ್ಪ ಒಬ್ಬನೇ ಸೋಡಾ ಬೇಕೆಂದು ಎರಡು ಸಲ ಕೇಳಿ, ಯಾರೂ ತಂದುಕೊಡದೆ ಸುಮ್ಮನಾದ.

ಬಂದಳು. ಜಡೆ ಸರಿಯಾಗಿ ಹೆಣೆದಿರಲಿಲ್ಲ, ದಿನಬಳಕೆಯ ಸೀರೆ, ಮೂರು ದಿನಕ್ಕೇ ಮುಖ ಇಳಿದು ಹೋಗಿತ್ತು. ಅತ್ತೆಯ ಕಾಲು ಮುಟ್ಟಲು ಹೋದಳು. ಅವರು, "ಮೊದ್ಲು ತುತ್ತು ಕೊಡು, ಹೊತ್ತಾತು" ಎಂದರು. ಅವಳು ಅಕ್ಕನ ಪಕ್ಕದಲ್ಲಿ ಕೂತು ತಟ್ಟೆಗೆ ಕೈಯಿಟ್ಟಳು. ಅಕ್ಕ ಬಾಯಿ ತೆರೆದಳು. ಹಂದರದ ತುಂಬಾ ಎಲೆಗಳ ಸದ್ದು, ನೀರಿನ ತಂಬಿಗೆಗಳ ಸದ್ದು ಶುರುವಾಯಿತು. ನಾನು ಅಕ್ಕನ ಬೆನ್ನಿಗೆ ಒತ್ತಿಕೊಂಡೇ ಇದ್ದೆ, ಹಾಗಾಗಿ ಅವಳು ಅಕ್ಕನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ಬೈಗುಳವಿರಬಹುದು, ಯಾಕೆ ಹೇಳಿದೆ ಎಂಬ ಆಕ್ಷೇಪವಿರಬಹುದು ಎಂದು ನಾನು ಅಂದುಕೊಂಡಿದ್ದೆ.

"ಅಲ್ಲೇ, ಕಾರಿನ್ಯಾಗೆ ಬಿದ್ದಳಲ್ಲ ಬಸುರಿ," ಎಂದಳು ಅವಳು. "ಬದುಕಿದ್ಲೇನು? ಮೂರು ದಿನದಿಂದ ಅದೇ ತಲ್ಯಾಗೆ ಕೊರೀತೈತೆ."

ಅಕ್ಕ ತಿರುಗಿ ನನ್ನನ್ನು ನೋಡಿದಳು. ಅವಳಿಗೇನು ಗೊತ್ತು, ಅವಳು ನೋಡಿಯೇ ಇರಲಿಲ್ಲ. ಅವರಿಬ್ಬರ ಕಣ್ಣೂ ನನ್ನ ಬಾಯಿಯ ಮೇಲಿತ್ತು. ಕಥೆಯನ್ನು ತಪ್ಪು ಹೇಳಿದವರ ಜೊತೆ ಜಗಳಕ್ಕೇ ನಿಲ್ಲುವವಳು ನಾನು.

"ಬದುಕಿದ್ಲಕ್ಕಾ," ಎಂದೆ. "ಹೆಣ್ಣುಮಗು ಆತು. ಗಂಡ ಬಂದು ಇಬ್ಬರನ್ನೂ ಮನೆಗೆ ಕರ್ಕೊಂಡು ಹೋದ."